ವ್ರತಕಾಲದ ರಾತ್ರಿಯಲ್ಲಿ ಮೀನಖಂಡದ ಸೆಳೆತ: ಕಾರಣ ಮತ್ತು ಉಪಚಾರ

ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂಬುದೂ ಒಂದು. ತನ್ನ ಶಕ್ತಿಯನ್ನು ಮರೆಮಾಚದೆ, ಅದನ್ನು ಮೀರಿಯೂ ಹೋಗದೆ ತಪವನ್ನು ಆಚರಿಸಬೇಕೆಂಬುದು ಅದರ ಆಶಯ. ಉಪವಾಸದ ನಡುರಾತ್ರಿಯಲ್ಲಿ ಮೀನಖಂಡ ಹಿಡಿದು ಎಚ್ಚರಗೊಂಡ ಶ್ರಾವಕ-ಶ್ರಾವಿಕೆಯರಿಗೆ ಈ ಮಾತಿನ ಬೆಲೆ ಚೆನ್ನಾಗಿ ತಿಳಿಯುತ್ತದೆ. ನೀರು ಕುಡಿದು ವ್ರತವನ್ನು ಮುರಿಯಬೇಕೆ, ನೋವನ್ನು ನುಂಗಿ ಸುಮ್ಮನಿರಬೇಕೆ ಎಂಬ ಚಿಂತೆ ಆಗ ಮನೆಯವರನ್ನೆಲ್ಲ ಕಾಡುತ್ತದೆ. ಆದರೆ ಸಾಮಾನ್ಯ ಸೆಳೆತದ ಮೊದಲ ಉಪಚಾರಕ್ಕೆ ಬಾಯಿಗೆ ಏನನ್ನೂ ಹಾಕಬೇಕಾಗಿಲ್ಲ.

ಲಕ್ಷಣ

ಮೀನಖಂಡದ ಅಥವಾ ಪಾದದ ಸ್ನಾಯು ಹಠಾತ್ತನೆ ಬಿಗಿದು ಕಲ್ಲಿನಂತಾಗುತ್ತದೆ. ನೋವು ಕೆಲವು ಕ್ಷಣಗಳಿಂದ ಕೆಲವು ನಿಮಿಷಗಳವರೆಗೆ ಇರಬಹುದು. ಬಿಗಿತ ಸಡಿಲಿದ ಮೇಲೂ ಮರುದಿನ ಕಾಲು ನೋಯುವುದುಂಟು.

ಕಾರಣಗಳು

ಬಹುಮಂದಿಯಲ್ಲಿ ನಿಶ್ಚಿತವಾದ ಕಾರಣ ಕಂಡುಬರುವುದಿಲ್ಲ. ವಯಸ್ಸು 50 ದಾಟಿದವರಲ್ಲಿಯೂ ಗರ್ಭಿಣಿಯರಲ್ಲಿಯೂ ಇದು ಹೆಚ್ಚು. ಕಂಪ್ಲಿಯ ಗದ್ದೆಗಳಲ್ಲಿ ದಿನವಿಡೀ ನಿಂತು ನಾಟಿ ಮಾಡುವವರಿಗೂ, ಸಂಡೂರಿನ ಗಣಿಗಳಲ್ಲಿ ದುಡಿಯುವವರಿಗೂ ಸ್ನಾಯುಗಳ ಆಯಾಸದಿಂದ ಬರಬಹುದು. ಶಕವರ್ಷ 1307ರಲ್ಲಿ (ಕ್ರಿ.ಶ. 1385–86) ಇರುಗಪ್ಪ ದಂಡನಾಯಕನು ಕುಂಥುನಾಥ ಜಿನರಿಗಾಗಿ ನಿರ್ಮಿಸಿದ ಗಾಣಗಿತ್ತಿ ಜಿನಾಲಯವನ್ನು ನೋಡಲು ಹೋಗಿ, ಹಂಪೆಯ ಬಂಡೆಗಳನ್ನು ಹತ್ತಿಳಿದು ಬಂದ ಯಾತ್ರಿಕರಿಗೂ ಅದೇ ರಾತ್ರಿ ಕಾಲು ಹಿಡಿಯಬಹುದು.

ಹೊಸಪೇಟೆಯ ಸೀಮೆಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಮುಟ್ಟುತ್ತದೆ. ಬೆವರಿನೊಡನೆ ನೀರೂ ಉಪ್ಪೂ ಹೊರಹೋಗುತ್ತವೆ. ಅಂಥ ದಿನಗಳಲ್ಲಿ ಚತುರ್ವಿಧ ಆಹಾರವನ್ನು ತ್ಯಜಿಸಿದವರು, ರಸಪರಿತ್ಯಾಗದಲ್ಲಿ ಉಪ್ಪನ್ನು ಬಿಟ್ಟವರು ಜಾಗರೂಕರಾಗಿರಬೇಕು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ ಅಪಾಯ ಇನ್ನೂ ಹೆಚ್ಚು. ಮಧುಮೇಹ, ಮೂತ್ರಪಿಂಡದ ರೋಗ, ಥೈರಾಯಿಡ್ ಗ್ರಂಥಿಯ ದೌರ್ಬಲ್ಯಗಳೂ ಸೆಳೆತಕ್ಕೆ ಕಾರಣವಾಗಬಲ್ಲವು.

ತತ್ಕಾಲದ ಉಪಚಾರ

ಮಂಡಿಯನ್ನು ನೇರವಾಗಿಟ್ಟು, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಮೆಲ್ಲನೆ ಎಳೆದು ಹಿಡಿಯಬೇಕು. ಕೈಗೆ ನಿಲುಕದವರು ಪಾದಕ್ಕೆ ಪಂಚೆಯನ್ನೋ ಸೀರೆಯ ಸೆರಗನ್ನೋ ಸುತ್ತಿ ಎಳೆಯಬಹುದು. ಬಿಗಿತ ಸಡಿಲಿದ ಬಳಿಕ ಅಂಗೈಯಿಂದ ತೀಡಿ, ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆಯಬೇಕು. ವೃದ್ಧರು ಗಾಬರಿಯಿಂದ ಥಟ್ಟನೆ ಎದ್ದು ಬೀಳದಂತೆ ನೋಡಿಕೊಳ್ಳತಕ್ಕದ್ದು. ಇದಾವುದರಿಂದಲೂ ವ್ರತಕ್ಕೆ ಭಂಗವಿಲ್ಲ.

ಮುನ್ನೆಚ್ಚರಿಕೆ

ಮಲಗುವ ಮುನ್ನ ಗೋಡೆಗೆ ಅಂಗೈಯೂರಿ, ಹಿಮ್ಮಡಿಗಳನ್ನು ನೆಲದಿಂದ ಎತ್ತದೆ ಮುಂದಕ್ಕೆ ಬಾಗಿ ಮೀನಖಂಡವನ್ನು ಹಿಗ್ಗಿಸುವ ಅಭ್ಯಾಸ ಹಿತಕರ. ಧಾರಣೆಯ ದಿನ ಸೂರ್ಯಾಸ್ತಕ್ಕೆ ಮೊದಲೇ ಸಾಕಷ್ಟು ಸೋಸಿದ ನೀರು ಕುಡಿದಿರಬೇಕು. ಉಪವಾಸದ ದಿನ ಬಿಸಿಲಿನಲ್ಲಿ ತಿರುಗಾಟ ಸಲ್ಲದು. ನಿತ್ಯ ಮಾತ್ರೆ ಸೇವಿಸುವವರು ವ್ರತ ಸ್ವೀಕರಿಸುವ ಮೊದಲೇ ವೈದ್ಯರನ್ನು ಕೇಳಿ, ಉಪವಾಸವೋ ಏಕಾಶನವೋ ಎಂಬುದನ್ನು ನಿರ್ಧರಿಸಬೇಕು. ಮಾತ್ರೆಯನ್ನು ತಾವಾಗಿಯೇ ಬಿಡಬಾರದು. ಹಿಂದೆ ಸೆಳೆತಕ್ಕೆ ಕೊಡುತ್ತಿದ್ದ ಕ್ವಿನೈನ್ ಮಾತ್ರೆಯಿಂದ ರಕ್ತಕ್ಕೂ ಹೃದಯದ ಬಡಿತಕ್ಕೂ ಹಾನಿಯಾಗಬಹುದಾದುದರಿಂದ ಅದನ್ನು ಸ್ವಂತ ವಿವೇಚನೆಯಿಂದ ನುಂಗಕೂಡದು. ಮೆಗ್ನೀಸಿಯಂ ಮಾತ್ರೆಯಿಂದ ವೃದ್ಧರಿಗೆ ಹೇಳಿಕೊಳ್ಳುವಷ್ಟು ಪ್ರಯೋಜನವಾಗುವುದಿಲ್ಲ.

ವೈದ್ಯರು ಯಾವಾಗ ಅವಶ್ಯಕ?

ಒಂದೇ ಕಾಲು ಊದಿ ಬಿಸಿಯಾದರೆ, ನಡೆದಾಗ ನೋವು ಬಂದು ನಿಂತಾಗ ಕಡಮೆಯಾದರೆ, ಕಾಲು ಜೋಮು ಹಿಡಿದು ಶಕ್ತಿಗುಂದಿದರೆ, ಸೆಳೆತ ಪದೇ ಪದೇ ಮರುಕಳಿಸಿದರೆ ವೈದ್ಯರಿಗೆ ತೋರಿಸಬೇಕು. ಉಪವಾಸದಲ್ಲಿ ತಲೆಸುತ್ತು, ತೊದಲು ಮಾತು, ಅರೆಪ್ರಜ್ಞೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಕೊಂಡೊಯ್ಯತಕ್ಕದ್ದು. ಎಚ್ಚರವಿದ್ದು ನುಂಗಬಲ್ಲವರಿಗೆ ನೀರನ್ನೂ ಕೊಡಬೇಕು. ವ್ರತದಲ್ಲಿ ಉಂಟಾದ ಲೋಪಕ್ಕೆ ಪ್ರಾಯಶ್ಚಿತ್ತವಿದೆ. ಹೋದ ಜೀವಕ್ಕೆ ಅದು ದೊರೆಯದು.

ಕಾಲು ಹಿಡಿದುದು ಶ್ರದ್ಧೆಯ ಕೊರತೆಯ ಗುರುತಲ್ಲ. ಅತ್ತೆಯ ಅಥವಾ ತಾಯಿಯ ನರಳಾಟವನ್ನು ಕೇಳಿ ಎದ್ದ ಮನೆಮಂದಿ ಅವರ ಪಾದವನ್ನು ಹಿಡಿದು ಹಿಗ್ಗಿಸಿದರೆ, ಅದೂ ವೈಯಾವೃತ್ಯವೇ ಆಗುತ್ತದೆ.

ಮನನಕ್ಕೆ: 1. ಮನೆಯಲ್ಲಿ ಉಪವಾಸ ಮಾಡುವವರು ಸೇವಿಸುವ ಮಾತ್ರೆಗಳಾವುವು? 2. ಸೆಳೆತ ಬಂದಾಗ ಪಾದವನ್ನು ಯಾವ ದಿಕ್ಕಿಗೆ ಎಳೆಯಬೇಕು?