ಪೆಡಲಿನ ಮೇಲೆ ಕಾಲು ನಿಲ್ಲುವ ಬಗೆ

ಸೈಕಲ್ಲಿನ ಪೆಡಲು ಕಾಲೇಜಿನ ವಾರ್ಷಿಕ ಪತ್ರಿಕೆಯಲ್ಲಿ ಲೇಖನ ಬರೆಯುವಷ್ಟು ದೊಡ್ಡ ವಿಷಯವೇ ಎಂದು ಸಹಪಾಠಿಗಳು ನಕ್ಕರೆ ನನಗೆ ಆಶ್ಚರ್ಯವಿಲ್ಲ. ಪ್ರಥಮ ಬಿ.ಎ. ತರಗತಿಗೆ ಸೇರಿದಾಗ ನಾನೂ ನಗುತ್ತಿದ್ದೆನು. ನಮ್ಮ ಮನೆ ಇರುವುದು ಘಟ್ಟದ ಅಂಚಿನ ಒಂದು ಹಳ್ಳಿಯಲ್ಲಿ. ಅಲ್ಲಿಂದ ಟಾರು ರಸ್ತೆಗೆ ನಾಲ್ಕು ಕಿಲೋಮೀಟರ್ ಗುಡ್ಡದ ದಾರಿ. ಜಂಬಿಟ್ಟಿಗೆ ಕಲ್ಲು, ಹಲಸಿನ ಬೇರು, ಅಡಿಕೆ ತೋಟದ ಪಕ್ಕದಲ್ಲಿ ಒಂದು ಕಾಲುಸಂಕ. ಬೆಳಗಿನ ಬಸ್ಸು ನನಗಾಗಿ ಕಾಯುವುದಿಲ್ಲವಾದ್ದರಿಂದ, ಎಂ.ಟಿ.ಬಿ. ಎಂದು ಎಲ್ಲರೂ ಕರೆಯುವ ಬೆಟ್ಟದ ಸೈಕಲ್ಲೊಂದನ್ನು ಹಳೆಯದಾಗಿಯೇ ಕೊಂಡು ಅದರಲ್ಲಿ ಓಡಾಡುತ್ತಿದ್ದೆನು.

2023ರ ಆಗಸ್ಟ್ ತಿಂಗಳಿನ ಒಂದು ದಿನ, ಸಂಕದ ಮುಂಚಿನ ಇಳಿಜಾರಿನಲ್ಲಿ ಬಲಗಾಲು ಪೆಡಲಿನಿಂದ ಜಾರಿತು. ದೇಹದ ಭಾರವೆಲ್ಲ ಎಡಗಾಲಿನ ಮೇಲೆ ಬಿದ್ದು, ಬಲ ಪೆಡಲು ಹಿಮ್ಮುಖವಾಗಿ ಗಿರ್ರನೆ ತಿರುಗಿ ಬಂದು ಮೊಣಕಾಲಿನ ಕೆಳಗಿನ ಎಲುಬಿಗೆ ಬಡಿಯಿತು. ಏಳು ಹೊಲಿಗೆ ಬಿದ್ದವು. ಹತ್ತು ದಿನ ತರಗತಿ ತಪ್ಪಿತು. ಅಮ್ಮ ಒಂದೇ ಮಾತು ಹೇಳಿದಳು: "ಆ ಸೈಕಲ್ಲು ಮಾರಿಬಿಡು ಮಗಾ. ಓದು ಇಲ್ಲದಿದ್ದರೂ ಚಿಂತೆಯಿಲ್ಲ, ಕಾಲು ಇರಲಿ." ಹಾಸ್ಟೆಲ್ಲಿನಲ್ಲಿ ಸ್ಥಳವಿರಲಿಲ್ಲ. ಸೈಕಲ್ಲು ಹೋದರೆ ಕಾಲೇಜೂ ಹೋದಂತೆಯೇ. ಹೀಗಾಗಿ ಕಾಲು ಏಕೆ ಜಾರಿತೆಂಬುದು ನನಗೆ ಕುತೂಹಲದ ಪ್ರಶ್ನೆಯಾಗಿರದೆ, ಮುಂದಿನ ಮೂರು ವರ್ಷಗಳ ಪ್ರಶ್ನೆಯಾಯಿತು.

ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ಹಳೆಯ ಪೆಡಲುಗಳನ್ನು ಕಳಚಿ ನೋಡಿದೆನು. ಬಿರುಸು ಪ್ಲಾಸ್ಟಿಕ್ಕಿನವು. ಅವುಗಳ ಅಂಚಿನಲ್ಲಿ ಅದೇ ಪ್ಲಾಸ್ಟಿಕ್ಕಿನಲ್ಲಿ ಎರಕಹೊಯ್ದ ಸಣ್ಣ ಹಲ್ಲುಗಳಿದ್ದುವು. ಇದ್ದುವು ಎನ್ನುವುದಕ್ಕಿಂತ ಒಂದು ಕಾಲದಲ್ಲಿ ಇದ್ದುವು ಎನ್ನುವುದೇ ಸರಿ. ಸವೆದು ಸವೆದು ನದಿಯ ಕಲ್ಲಿನಂತೆ ನುಣುಪಾಗಿದ್ದುವು. ನೀರೂ ಕೆಂಪು ಜೇಡಿಯೂ ಸೇರಿದಾಗ ಅದರ ಮೇಲೆ ಷೂ ನಿಲ್ಲುವುದು, ಹಾವಸೆ ಹಿಡಿದ ಬಂಡೆಯ ಮೇಲೆ ಮನುಷ್ಯ ನಿಂತಂತೆ.

ಇಲ್ಲಿ ಸ್ವಲ್ಪ ಹಿಂದಿನ ಕಥೆಯನ್ನು ಹೇಳಬೇಕು. ಬೆಟ್ಟದ ಸೈಕಲ್ಲು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯದ ಮರಿನ್ ಕೌಂಟಿಯಲ್ಲಿ, ಟಮಾಲ್ಪಾಯಿಸ್ ಬೆಟ್ಟದ ಆಸುಪಾಸಿನಲ್ಲಿ. ಅಲ್ಲಿಯ ಕೆಲವು ಯುವಕರು ಹಳೆಯ ಭಾರದ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅವರು ಆರಂಭಿಸಿದ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂಬದಿಯ ಹಬ್ ಬ್ರೇಕಿನ ಗ್ರೀಸೆಲ್ಲ ಸುಟ್ಟು ಹೊಗೆಯಾಗಿ, ಮತ್ತೆ ತುಂಬಿಸಬೇಕಾಗುತ್ತಿತ್ತು ಎಂಬುದೇ ಆ ಹೆಸರಿನ ಅರ್ಥ. 1977ರಲ್ಲಿ ಜೋ ಬ್ರೀಜ್ ಎಂಬವರು ಇಂಥ ದಾರಿಗೆಂದೇ ಹೊಸ ಚೌಕಟ್ಟನ್ನು ಕಟ್ಟಿದರು. ಮುಂದೆ 1990ರಲ್ಲಿ ಜಪಾನಿನ ಷಿಮಾನೋ ಕಂಪನಿಯು ಎಸ್.ಪಿ.ಡಿ. ಎಂಬ ಪೆಡಲನ್ನು ತಂದಿತು. ಷೂವಿನ ಅಡಿಯಲ್ಲಿ ಒಂದು ಲೋಹದ ತುಂಡು. ಅದು ಪೆಡಲಿನ ಸ್ಪ್ರಿಂಗಿನೊಳಗೆ ಕಚ್ಚಿಕೊಳ್ಳುವುದು. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುವುದು. ಕಾಲನ್ನು ಪೆಡಲಿಗೆ ಕಟ್ಟಿಹಾಕಿದ ಮೇಲೆ ಜಾರುವ ಮಾತೆಲ್ಲಿ? ಇನ್ನು ಬರಿಯ ಚಪ್ಪಟೆ ಪೆಡಲಿನ ಕಾಲ ಮುಗಿಯಿತೆಂದು ಹಲವರು ಭಾವಿಸಿದರು. ಆದರೆ ಆಸ್ಟ್ರೇಲಿಯದ ಸ್ಯಾಮ್ ಹಿಲ್ ಎಂಬ ಸವಾರರು ಚಪ್ಪಟೆ ಪೆಡಲಿನ ಮೇಲೆಯೇ ನಿಂತು 2006, 2007 ಮತ್ತು 2010ರಲ್ಲಿ ಬೆಟ್ಟದಿಳಿತದ ವಿಶ್ವ ಚಾಂಪಿಯನ್ ಆದರು. ಆದುದರಿಂದ ಚಪ್ಪಟೆ ಪೆಡಲು ಕಲಿಯುವವರ ಆಟಿಕೆಯಲ್ಲ. ನನ್ನಂಥವನಿಗಂತೂ ಅದೇ ಯೋಗ್ಯ. ಸಂಕದ ಬಳಿ ದಿನವೂ ಇಳಿದು ಸೈಕಲ್ಲನ್ನು ಹೆಗಲಿಗೇರಿಸಬೇಕು; ಅದೇ ಷೂವಿನಲ್ಲಿ ತರಗತಿಯಲ್ಲಿ ಕೂರಬೇಕು; ಕೊಕ್ಕೆ ಹಾಕಿಕೊಂಡರೆ ನಡೆಯದು.

ಹಾಗಾದರೆ ಚಪ್ಪಟೆ ಪೆಡಲಿನ ಮೇಲೆ ಕಾಲನ್ನು ಹಿಡಿದಿಡುವುದು ಯಾವುದು? ಮೊದಲನೆಯದಾಗಿ ಪಿನ್ನುಗಳು. ಒಳ್ಳೆಯ ಪೆಡಲಿನ ಎರಡು ಮುಖಗಳಲ್ಲಿಯೂ ಉಕ್ಕಿನ ಸಣ್ಣ ಪಿನ್ನುಗಳು ಮೂರರಿಂದ ಐದು ಮಿಲಿಮೀಟರಿನಷ್ಟು ಮೇಲೆದ್ದಿರುತ್ತವೆ. ದೇಹದ ಭಾರ ಬಿದ್ದಾಗ ಇವು ಷೂವಿನ ರಬ್ಬರಿನೊಳಕ್ಕೆ ಊರಿಕೊಳ್ಳುತ್ತವೆ. ಹೀಗಾಗಿ ಇಲ್ಲಿ ಕೆಲಸ ಮಾಡುವುದು ಬರಿಯ ಘರ್ಷಣೆಯಲ್ಲ; ಕೊರಡಿಗೆ ಮೊಳೆ ಹೊಡೆದಂಥ ಹಿಡಿತ. ನೀರು ಬಿದ್ದರೆ ಘರ್ಷಣೆ ತಗ್ಗುತ್ತದೆ, ಮೊಳೆಯ ಹಿಡಿತ ಅಷ್ಟಾಗಿ ತಗ್ಗುವುದಿಲ್ಲ. ನಮ್ಮ ಕಡೆಯ ಮಳೆಗಾಲಕ್ಕೆ ಇದೇ ಮುಖ್ಯ.

ಪಿನ್ನು ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಾನು ತಿಳಿದಿದ್ದೆನು. ಅದು ತಪ್ಪು. ಮೊಳೆಯ ಹಾಸಿಗೆಯ ಮೇಲೆ ಮಲಗುವ ಬೈರಾಗಿಗೆ ಗಾಯವಾಗದಿರುವುದಕ್ಕೆ ತಪಸ್ಸು ಕಾರಣವಲ್ಲ, ಮೊಳೆಗಳ ಸಂಖ್ಯೆ ಕಾರಣ. ಭಾರವು ನೂರಾರು ಮೊಳೆಗಳಿಗೆ ಹಂಚಿಹೋಗುವುದರಿಂದ ಒಂದೊಂದಕ್ಕೂ ಚುಚ್ಚುವ ಬಲವಿಲ್ಲ. ಪೆಡಲಿನಲ್ಲಿಯೂ ಹಾಗೆಯೇ. ಒತ್ತೊತ್ತಾಗಿ ಗಿಡ್ಡ ಪಿನ್ನುಗಳಿದ್ದರೆ ಷೂ ಅವುಗಳ ಮೇಲೆ ತೇಲುತ್ತದೆ. ಅಂಚಿನಲ್ಲಿ ದೂರದೂರವಾಗಿ ಒಂದೊಂದು ಮುಖಕ್ಕೆ ಎಂಟೋ ಹತ್ತೋ ಎತ್ತರದ ಪಿನ್ನುಗಳಿದ್ದರೆ ಅವು ಕಚ್ಚುತ್ತವೆ.

ಎರಡನೆಯದು ಪೆಡಲಿನ ತಗ್ಗು. ನಡುವೆ ಒಂದೆರಡು ಮಿಲಿಮೀಟರು ತಗ್ಗಾಗಿ, ಮುಂದಿನ ಮತ್ತು ಹಿಂದಿನ ಅಂಚುಗಳು ಎದ್ದಿದ್ದರೆ ಪಾದ ಅದರೊಳಗೆ ಕೂರುತ್ತದೆ. ಉಬ್ಬಿದ ಪೆಡಲಿನ ಮೇಲೆ ಪಾದ ಉರುಳುತ್ತದೆ. ಅಗಲವೂ ಬೇಕು, ಸುಮಾರು ಹತ್ತು ಸೆಂಟಿಮೀಟರು ಉದ್ದ, ಅಷ್ಟೇ ಅಗಲವಿದ್ದರೆ ಎಂಟನೆಯ ನಂಬರಿನ ನನ್ನ ಷೂವಿಗೆ ಸಾಕು. ಚೌಕಟ್ಟಿನ ನಡುವೆ ದೊಡ್ಡ ತೂತುಗಳಿರಲಿ, ಜೇಡಿ ಅವುಗಳಿಂದ ಹೊರಬೀಳಬೇಕು.

ಮೂರನೆಯದನ್ನು ಪೆಡಲಿನ ಅಂಗಡಿಯಲ್ಲಿ ಕೊಳ್ಳುವಂತಿಲ್ಲ. ಅದು ಷೂವಿನ ಅಟ್ಟೆ. ಆಳವಾದ ಗೀರುಗಳಿರುವ ಓಟದ ಷೂ ಚೆನ್ನಾಗಿ ಹಿಡಿಯಬೇಕಲ್ಲವೇ? ಇಲ್ಲ. ಪಿನ್ನು ಒಮ್ಮೆ ಗೀರಿನೊಳಕ್ಕೆ ಬೀಳುತ್ತದೆ, ಒಮ್ಮೆ ಗುಬುಟಿನ ಮೇಲೆ ಕೂರುತ್ತದೆ. ಪಾದ ಎಲ್ಲಿ ನಿಲ್ಲಬೇಕೆಂಬುದನ್ನು ನಾವು ನಿರ್ಧರಿಸುವ ಬದಲು ಅದೇ ನಿರ್ಧರಿಸುತ್ತದೆ. ಸಮತಟ್ಟಾದ, ಮೆತ್ತಗಿನ ರಬ್ಬರಿನ ಅಟ್ಟೆಯೇ ಮೇಲು. 1985ರಲ್ಲಿ ಚಾರ್ಲ್ಸ್ ಕೋಲ್ ಎಂಬವರು ಬಂಡೆ ಹತ್ತುವವರಿಗಾಗಿ ಸ್ಥಾಪಿಸಿದ ಫೈವ್ ಟೆನ್ ಎಂಬ ಷೂ ಕಂಪನಿಯ ಅಂಟು ರಬ್ಬರು, ಮುಂದೆ ಬೆಟ್ಟದ ಸೈಕಲ್ಲಿನವರಿಗೂ ಪ್ರಿಯವಾದದ್ದು ಈ ಕಾರಣದಿಂದ. ಅದರ ಬೆಲೆ ನಮ್ಮಂಥವರಿಗೆ ಎಟುಕದು. ನಾನು ಸಾದಾ ಕ್ಯಾನ್ವಾಸ್ ಷೂವಿನಲ್ಲಿ ಕೆಲಸ ಸಾಗಿಸುತ್ತಿದ್ದೇನೆ. ಅದರ ಅಟ್ಟೆ ತೆಳುವಾದುದರಿಂದ ಪಿನ್ನು ಪಾದಕ್ಕೆ ಒತ್ತುವುದುಂಟು. ಒಳಗೆ ಒಂದು ದಪ್ಪ ಅಟ್ಟೆಯನ್ನು ಕತ್ತರಿಸಿ ಹಾಕಿಕೊಂಡಿದ್ದೇನೆ.

ಇಷ್ಟನ್ನು ತಿಳಿದುಕೊಂಡು ಪೇಟೆಯ ಸೈಕಲ್ ಷಾಪಿಗೆ ಹೋದೆನು. ಅದನ್ನು ನಡೆಸುವ ಸಾಬರು ನಮ್ಮ ಅಪ್ಪನ ಕಪ್ಪು ಸೈಕಲ್ಲಿಗೂ ಪಂಕ್ಚರ್ ಹಾಕಿದವರು. ನಾನು ಹೊಳೆಯುವ, ತಗಡಿನಂತೆ ತೆಳ್ಳಗಿದ್ದ ಅಲ್ಯೂಮಿನಿಯಂ ಪೆಡಲೊಂದನ್ನು ಕೈಗೆತ್ತಿಕೊಂಡು, "ಇದನ್ನೇ ಕೊಡಿ ಸಾಬ್ರೇ" ಎಂದೆನು. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, "ಪಿನ್ನು ನೋಡಿ ಮರುಳಾಗಬೇಡ ಮಾರಾಯ. ಹೊಟ್ಟೆಯೊಳಗೆ ಏನಿದೆ ಅಂತ ಕೇಳು" ಎಂದರು. ಅಲ್ಲಿಂದ ನನ್ನ ನಿಜವಾದ ಪಾಠ ಆರಂಭವಾಯಿತು.

ಹಿಡಿತ ಕಣ್ಣಿಗೆ ಕಾಣುತ್ತದೆ, ಬಾಳಿಕೆ ಕಾಣುವುದಿಲ್ಲ. ಪೆಡಲಿನ ಅಚ್ಚು ಒಂದೇ ತುದಿಯಲ್ಲಿ ಕ್ರ್ಯಾಂಕಿಗೆ ಸಿಕ್ಕಿಸಿದ ಕಂಬಿ; ಇನ್ನೊಂದು ತುದಿಗೆ ಆಸರೆಯಿಲ್ಲ. ಗೋಡೆಯಿಂದ ಚಾಚಿದ ಗೂಟದ ಮೇಲೆ ಒಬ್ಬ ಮನುಷ್ಯ ನಿಂತಂತೆ. ಕಲ್ಲಿನಿಂದ ಕೆಳಕ್ಕೆ ಧುಮುಕಿದಾಗ ಆ ಗೂಟದ ಮೇಲೆ ಬೀಳುವುದು ದೇಹದ ತೂಕವಷ್ಟೇ ಅಲ್ಲ, ಅದರ ಕೆಲವು ಪಟ್ಟು. ಬಾಗುವ ಒತ್ತಡ ಅತ್ಯಧಿಕವಾಗಿರುವುದು ಬುಡದಲ್ಲಿ, ಕ್ರ್ಯಾಂಕಿನ ಹತ್ತಿರ. ಆದಕಾರಣ ಅಚ್ಚು ಕ್ರೋಮ್‌ಮಾಲಿ ಎಂಬ ಗಟ್ಟಿ ಉಕ್ಕಿನದಾಗಿರಬೇಕು. ಟೈಟೇನಿಯಂ ಅಚ್ಚು ಹಗುರ, ಆದರೆ ದುಬಾರಿ; ಕೆಲವು ಕಂಪನಿಗಳು ಅದಕ್ಕೆ ಸವಾರನ ತೂಕದ ಮಿತಿಯನ್ನೂ ಹಾಕುತ್ತವೆ. ನೂರು ಗ್ರಾಂ ಉಳಿಸುವುದಕ್ಕಾಗಿ ಅದನ್ನು ಕೊಳ್ಳುವವರು ಒಂದು ಲೋಟ ನೀರನ್ನು ಕಡಿಮೆ ಕುಡಿದು ಹೊರಟರೂ ಆಗುತ್ತದೆ.

ಅಚ್ಚಿನ ಸುತ್ತ ಪೆಡಲು ತಿರುಗಬೇಕಾದರೆ ಒಳಗೆ ಬೇರಿಂಗು ಬೇಕು. ಹಳೆಯ ಪದ್ಧತಿಯಲ್ಲಿ ಬಿಡಿಬಿಡಿ ಬಾಲ್ಸುಗಳು. ಅವನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಚ್ಚಿ ಮತ್ತೆ ಬಿಗಿಯಬಹುದು. ಈಗಿನ ಬಹುಮಟ್ಟಿನ ಪೆಡಲುಗಳಲ್ಲಿ ಒಂದು ಬದಿಗೆ ಮುಚ್ಚಿದ ಸಣ್ಣ ಬೇರಿಂಗು, ಇನ್ನೊಂದು ಬದಿಗೆ ಬುಷ್ ಎಂಬ ನುಣುಪು ಕೊಳವೆ. ಪೆಡಲು ತೆಳ್ಳಗಾದಷ್ಟೂ ಪಾದ ಅಚ್ಚಿಗೆ ಹತ್ತಿರವಾಗಿ ಸ್ಥಿರವಾಗುತ್ತದೆ, ಕೆಳಗಿನ ಕಲ್ಲಿಗೆ ತಗಲುವುದೂ ಕಡಿಮೆ. ಇದು ನಿಜ. ಆದರೆ ತೆಳ್ಳಗಿನ ಹೊಟ್ಟೆಯಲ್ಲಿ ದೊಡ್ಡ ಬೇರಿಂಗು ಹಿಡಿಸುವುದಿಲ್ಲ; ಸಣ್ಣ ಬೇರಿಂಗು ಅದೇ ಭಾರವನ್ನು ಹೊತ್ತು ಬೇಗ ಸವೆಯುತ್ತದೆ. ನಾನು ಮೆಚ್ಚಿದ್ದ ಪೆಡಲಿನ ದೋಷ ಇದೇ. ಸ್ವಲ್ಪ ದಪ್ಪನಾದ ಪೆಡಲು ನೋಡಲು ಚಂದವಿಲ್ಲ, ಮಳೆಗಾಲವನ್ನು ಮಾತ್ರ ತಡೆದುಕೊಳ್ಳುತ್ತದೆ.

ಸಾಬರು ಮತ್ತೆರಡು ಪರೀಕ್ಷೆಗಳನ್ನು ಕಲಿಸಿದರು. ಅಚ್ಚನ್ನು ಒಂದು ಕೈಯಲ್ಲಿ ಹಿಡಿದು ಪೆಡಲನ್ನು ಆಚೀಚೆ ಅಲ್ಲಾಡಿಸಬೇಕು. ಟಕಟಕ ಎಂದರೆ ಬೇಡ. ತಿರುಗಿಸಿದಾಗ ಬುಗುರಿಯಂತೆ ಬಹಳ ಹೊತ್ತು ತಿರುಗುವುದನ್ನು ನೋಡಿ ಹಿಗ್ಗಬಾರದು. ನೀರು ನುಗ್ಗದಂತೆ ಒಳಗೆ ರಬ್ಬರ್ ಸೀಲು ಇದ್ದರೆ ಹೊಸ ಪೆಡಲು ತುಸು ಬಿಗಿಯಾಗಿಯೇ ಇರುತ್ತದೆ.

ಮೈ ಯಾವುದಿರಬೇಕು, ಅಲ್ಯೂಮಿನಿಯಮ್ಮೋ ನೈಲಾನೋ? ನೈಲಾನ್ ಎಂದೊಡನೆ ನನ್ನ ಕಾಲಿನ ಕಲೆ ನೆನಪಾಯಿತು. ಆದರೆ ಗಾಜಿನ ಎಳೆ ಬೆರೆಸಿದ ನೈಲಾನು ಆ ಹಳೆಯ ಪ್ಲಾಸ್ಟಿಕ್ಕಿನ ಜಾತಿಯದಲ್ಲ. ಕಲ್ಲಿಗೆ ಬಡಿದಾಗ ಅಲ್ಯೂಮಿನಿಯಂ ಕಚ್ಚಿ ನಿಲ್ಲುತ್ತದೆ, ನೈಲಾನು ಜಾರಿ ಮುಂದೆ ಹೋಗುತ್ತದೆ, ಬೆಲೆಯೂ ಕಡಿಮೆ. ನೋಡಬೇಕಾದುದು, ಪಿನ್ನುಗಳು ಉಕ್ಕಿನವೇ, ಬದಲಾಯಿಸಲು ಬರುವವೇ ಎಂಬುದನ್ನು. ಪಿನ್ನು ಮೇಲಿನಿಂದ ತಿರುಪಿದ್ದಾದರೆ ಕಲ್ಲಿಗೆ ಬಡಿದು ತಲೆ ಜಜ್ಜಿದಾಗ ಕೀಲಿ ಹಾಕಲು ಬರುವುದಿಲ್ಲ. ಎದುರು ಮುಖದಿಂದ ತೂರಿಸಿ ತಿರುಪಿದ್ದಾದರೆ ಮೇಲಿನ ತುದಿ ಹಾಳಾದರೂ ಹಿಂದಿನಿಂದ ತೆಗೆಯಬಹುದು. ಕೊನೆಗೆ ನಾನು ಕೊಂಡದ್ದು ಇಂಥ ಪಿನ್ನಿನ, ಕ್ರೋಮ್‌ಮಾಲಿ ಅಚ್ಚಿನ ನೈಲಾನ್ ಜೋಡಿ. ವಿದ್ಯಾರ್ಥಿವೇತನದಿಂದ ಸಾವಿರದ ಒಂಬೈನೂರು ರೂಪಾಯಿ ಹೋಯಿತು.

ಈ ವೆಚ್ಚವನ್ನು ಕೇಳಿ ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು, "ಎಷ್ಟು ವರ್ಷ ಬಾಳುತ್ತದೆಂದು ಲೆಕ್ಕ ಹಾಕಿದೆಯೇನಯ್ಯಾ?" ಎಂದು ಕೇಳಿದರು. ಅಂದು ಉತ್ತರವಿರಲಿಲ್ಲ. ಈಗ ಇದೆ. 2024 ಮತ್ತು 2025ರ ಎರಡು ಮಳೆಗಾಲ ಕಳೆದಿವೆ. ಮೊದಲನೆಯ ಮಳೆಗಾಲದ ಕೊನೆಗೆ ಎಡ ಪೆಡಲು ಅಲ್ಲಾಡತೊಡಗಿತು. ಸಾಬರ ಅಂಗಡಿಯಲ್ಲಿಯೇ ಕುಳಿತು ಬುಷ್ಷನ್ನೂ ಬೇರಿಂಗನ್ನೂ ಬದಲಾಯಿಸಿದೆನು. ಬಿಚ್ಚಲು ಬಾರದ ಪೆಡಲಾಗಿದ್ದರೆ ಅಂದೇ ಅದನ್ನು ಗುಜರಿಗೆ ಹಾಕಬೇಕಾಗುತ್ತಿತ್ತು. ನಾಲ್ಕು ಪಿನ್ನು ಹೋಗಿವೆ, ನಾಲ್ಕನ್ನು ಹಾಕಿದ್ದೇನೆ. ಅಚ್ಚು ನೆಟ್ಟಗಿದೆ.

ತಾವೇ ಪೆಡಲು ಬದಲಾಯಿಸುವವರಿಗೆ ಒಂದು ಮಾತು. ಬಲ ಪೆಡಲಿನ ತಿರುಪು ಸಾಮಾನ್ಯದ್ದು, ಎಡದ್ದು ಉಲ್ಟಾ. ಕಾರಣ ಸ್ವಾರಸ್ಯವಾದದ್ದು. ಒಂದು ಪೆನ್ಸಿಲನ್ನು ಸಡಿಲವಾದ ಮುಷ್ಟಿಯಲ್ಲಿ ಹಿಡಿದು ಅದರ ತುದಿಯನ್ನು ವೃತ್ತಾಕಾರವಾಗಿ ಆಡಿಸಿರಿ. ಪೆನ್ಸಿಲು ಮುಷ್ಟಿಯೊಳಗೆ ಎದುರು ದಿಕ್ಕಿಗೆ ಹೊರಳುತ್ತದೆ. ಕ್ರ್ಯಾಂಕಿನ ತೂತಿನಲ್ಲಿ ಅಚ್ಚೂ ತುಳಿತದ ಒತ್ತಡಕ್ಕೆ ಹೀಗೆಯೇ ಕಣ್ಣಿಗೆ ಕಾಣದಷ್ಟು ಹೊರಳುತ್ತದೆ. ಎರಡೂ ಬದಿಗೆ ಒಂದೇ ತಿರುಪು ಇದ್ದರೆ ಎಡ ಪೆಡಲು ದಾರಿಯಲ್ಲಿ ತಾನೇ ಕಳಚಿಕೊಳ್ಳುತ್ತಿತ್ತು. ನೆನಪಿಗೆ ಸುಲಭವಾದ ಸೂತ್ರವೆಂದರೆ, ಸ್ಪ್ಯಾನರಿನ ಹಿಡಿ ಮೇಲಿರುವಾಗ ಅದನ್ನು ಮುಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಬಿಗಿಯಾಗುತ್ತವೆ, ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಸಡಿಲವಾಗುತ್ತವೆ. ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಪಿರಿ. ಅಲ್ಯೂಮಿನಿಯಂ ಕ್ರ್ಯಾಂಕಿನಲ್ಲಿ ಓರೆಯಾಗಿ ತಿರುಪಿದರೆ ಥ್ರೆಡ್ಡು ಕಿತ್ತು, ಕ್ರ್ಯಾಂಕೇ ಹೋಗುತ್ತದೆ.

ಎಷ್ಟು ಒಳ್ಳೆಯ ಪೆಡಲಾದರೂ ನಿಲ್ಲುವ ಕ್ರಮ ತಪ್ಪಿದರೆ ಕಾಲು ಹಾರುತ್ತದೆ ಎಂಬುದನ್ನೂ ಹೇಳಬೇಕು. ಇಳಿಜಾರಿನಲ್ಲಿ ಬೆರಳ ತುದಿಯಲ್ಲಿ ನಿಂತರೆ ಪ್ರತಿ ಕಲ್ಲಿಗೂ ಪಾದ ಪುಟಿಯುತ್ತದೆ. ಹಿಮ್ಮಡಿಯನ್ನು ಕೆಳಗೆ ಬಿಟ್ಟು, ಮೊಣಕಾಲನ್ನು ಸಡಿಲಿಸಿ ನಿಂತರೆ ಕಲ್ಲು ಹಿಂದಕ್ಕೆ ತಳ್ಳಿದಾಗ ಪಾದ ಪೆಡಲಿಗೆ ಮತ್ತಷ್ಟು ಒತ್ತಿಕೊಳ್ಳುತ್ತದೆ. ನಾನು ಬಿದ್ದ ದಿನ ಹೆದರಿಕೆಯಿಂದ ಬೆರಳ ಮೇಲೆಯೇ ನಿಂತಿದ್ದೆನೆಂದು ಈಗ ಅನ್ನಿಸುತ್ತದೆ. ತಪ್ಪೆಲ್ಲವೂ ಪೆಡಲಿನದೇ ಆಗಿರಲಿಲ್ಲ.

ಬರುವ ಜೂನಿನಿಂದ ಸೈಕಲ್ಲು ತಂಗಿಯದಾಗುತ್ತದೆ. ಅವಳು ಇದೇ ಕಾಲೇಜಿಗೆ ಸೇರಲಿದ್ದಾಳೆ. ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಮೊನ್ನೆ ತಾನೇ ಬಂದು ಪೆಡಲಿನ ಪಿನ್ನುಗಳನ್ನು ಬೆರಳಿನಿಂದ ಮುಟ್ಟಿ ನೋಡಿ ಹೋದಳು. ತಂಗಿಯದು ಬೇರೆಯೇ ತಕರಾರು: "ಅಣ್ಣಾ, ಇದು ನನ್ನ ಚಪ್ಪಲಿಯನ್ನು ತಿಂದುಹಾಕುತ್ತದೆ." ಅವಳು ಹೇಳುವುದು ಸರಿ, ಚಪ್ಪಲಿಯಲ್ಲಿ ಈ ಪೆಡಲನ್ನು ತುಳಿಯಲೇಬಾರದು. ಪೇಟೆಯಲ್ಲಿ ಅವಳ ಅಳತೆಯ ಸಮತಟ್ಟು ಅಟ್ಟೆಯ ಷೂ ಹುಡುಕಬೇಕು. ಅವಳು ನನಗಿಂತ ಹಗುರ. ಪಿನ್ನುಗಳ ತಲೆಯ ಕೆಳಗೆ ಒಂದೊಂದು ವಾಷರ್ ಹಾಕಿ ಎತ್ತರವನ್ನು ಒಂದು ಮಿಲಿಮೀಟರಿನಷ್ಟು ತಗ್ಗಿಸಬಹುದು. ಷೂ ಬಂದ ಮೇಲೆ, ಮಳೆ ಹಿಡಿಯುವ ಮುನ್ನ, ಸಂಕದ ಇಳಿಜಾರಿನಲ್ಲಿ ಅವಳನ್ನೇ ನಿಲ್ಲಿಸಿ ನೋಡಿ, ವಾಷರ್ ಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇನೆ.