ಸುಟ್ಟ ಮರದ ಮೇಜು

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬ್ಯಾರನ್ನುಗಳ ಒಲೆಯಲ್ಲಿ ಅರೆಬೆಂದು ತಣಿದ ದಿಮ್ಮಿಯೊಂದನ್ನು ಸೀಳಿ ನೋಡೋಣ. (ಹೊಗೆಸೊಪ್ಪಿನ ಗುಣದೋಷಗಳ ವಿಚಾರ ಇಲ್ಲಿ ಬೇಡ.) ಹೊರಗೆ ಇದ್ದಿಲು, ಒಳಗೆ ಗಟ್ಟಿ ಮರ! ಇದ್ದಿಲು ಉಷ್ಣವನ್ನು ಸುಲಭವಾಗಿ ಹಾಯಗೊಡದು. ಆದುದರಿಂದ ದೊಡ್ಡ ಬೆಂಕಿಯಲ್ಲಿಯೂ ಉರಿಯು ನಿಮಿಷಕ್ಕೆ ಸುಮಾರು 0.6 ಮಿಲಿಮೀಟರಿನಷ್ಟು ಮಾತ್ರ ಒಳಸರಿಯುತ್ತದೆ.

ಅಂತಹ ಮರದಿಂದ ಮೇಜನ್ನು ಮಾಡಬಹುದೆ? ಧಾರಾಳವಾಗಿ ಮಾಡಬಹುದು. ಆದರೆ ಸಡಿಲವಾದ ಮಸಿಯನ್ನು ತಂತಿಯ ಕುಂಚದಿಂದ ಉಜ್ಜಿ ತೆಗೆಯಬೇಕು. ಇಲ್ಲವಾದರೆ ಎಪಾಕ್ಸಿ ರಾಳವು ಮರವನ್ನು ಬಿಟ್ಟು ಮಸಿಯನ್ನಷ್ಟೇ ಹಿಡಿದೀತು. ರಾಳಕ್ಕೆ ಗಟ್ಟಿಕಾರಕವನ್ನು ಬೆರೆಸಿದಾಗ ಅಣುಗಳು ಬಲೆಯಂತೆ ಹೆಣೆದುಕೊಂಡು ಶಾಖವನ್ನು ಹೊರಗೆಡಹುತ್ತವೆ. ಆ ಶಾಖಕ್ಕೆ ಇದ್ದಿಲಿನ ರಂಧ್ರಗಳಲ್ಲಿನ ಗಾಳಿ ಹಿಗ್ಗಿ, ಗುಳ್ಳೆಗಳಾಗಿ ಮೇಲೆದ್ದು, ಗಟ್ಟಿಯಾಗುವ ರಾಳದಲ್ಲಿ ಸೆರೆಯಾಗುತ್ತದೆ. ಆದಕಾರಣ ನಾವು ಮೊದಲು ತೆಳುವಾದ ಲೇಪವೊಂದರಿಂದ ರಂಧ್ರಗಳನ್ನು ಮುಚ್ಚಿ, ಅನಂತರ ಪದರಪದರವಾಗಿ ಸುರಿಯಬೇಕು. ಒಮ್ಮೆಗೇ ದಪ್ಪನಾಗಿ ಸುರಿದರೆ ಶಾಖ ಹೊರಹೋಗಲಾರದೆ ರಾಳ ಬಿರಿಯುವುದುಂಟು, ಹೊಗೆಯಾಡುವುದೂ ಉಂಟು.