ಬಿಸಿಲಿಗೂ ಬಾಡಿಗೆ: ಪಾವಗಡದಿಂದ ನಾವು ಕಲಿಯೋದೇನು?



ಸಬ್ಸಿಡಿ ಎಂದ ಕೂಡಲೇ ನಮಗೆ ನೆನಪಾಗೋದು ಹಸು, ಕುರಿ, ಹೊಲಿಗೆ ಮೆಷಿನ್. ಸರ್ಕಾರ ದೊಡ್ಡ ಉದ್ಯಮಕ್ಕೂ ಪ್ರೋತ್ಸಾಹ ಕೊಡುತ್ತದೆ. ಅದು ಯಾರ ಕೈ ಸೇರುತ್ತದೆ? ಒಂದು ಉದಾಹರಣೆ ನೋಡೋಣ.

ಎಲ್ಲಿ, ಏನು?
ತುಮಕೂರು ಜಿಲ್ಲೆಯ ಪಾವಗಡ ಬರದ ತಾಲ್ಲೂಕು. ಕಡಲೆಕಾಯಿ ಬಿತ್ತಿ ಮುಗಿಲು ನೋಡುವ ಊರುಗಳು. ಅಲ್ಲಿನ ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಮೊದಲ ಹಂತ 2018ರಲ್ಲಿ ಉದ್ಘಾಟನೆ ಆಯಿತು.

ಸರ್ಕಾರ ಕೊಟ್ಟದ್ದೇನು?
ಸಾವಿರಾರು ಎಕರೆ ಒಟ್ಟು ಮಾಡೋದು, ರಸ್ತೆ, ವಿದ್ಯುತ್ ಲೈನು ಹಾಕೋದು ಕಂಪನಿಗಳಿಗೆ ಕಷ್ಟ. ಆ ಕೆಲಸಕ್ಕೆಂದೇ 2015ರಲ್ಲಿ ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು. ಇಂಥ ಪಾರ್ಕ್‌ಗಳಿಗೆ ಮೆಗಾವ್ಯಾಟ್‌ಗೆ 20 ಲಕ್ಷ ರೂಪಾಯಿವರೆಗೆ ಸಹಾಯಧನ ಕೊಡುವ ಯೋಜನೆಯನ್ನು ಕೇಂದ್ರ 2014ರಲ್ಲಿ ತಂದಿತ್ತು. ತಯಾರಾದ ಕರೆಂಟನ್ನು 25 ವರ್ಷ ಕೊಳ್ಳುವ ಕರಾರೂ ಆಯಿತು. ಹೀಗೆ ಕಂಪನಿಗಳಿಗೆ ಧೈರ್ಯ ಬಂತು.

ರೈತರಿಗೆ ಸಿಕ್ಕಿದ್ದೇನು?
ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಒಡೆತನ ರೈತರದ್ದೇ. ವರ್ಷಕ್ಕೆ ಎಕರೆಗೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚಳ. ಲೆಕ್ಕ ಹಾಕಿ: ಎರಡು ಎಕರೆಗೆ 42,000, ಮೊದಲ ಹೆಚ್ಚಳದ ನಂತರ 44,100. ಮಳೆ ಬಂದರೂ ಬರದಿದ್ದರೂ ಈ ಹಣ ಬರುತ್ತದೆ.

ಬಿಟ್ಟುಹೋದವರು ಯಾರು?
ಜಮೀನಿಲ್ಲದ ಕೂಲಿ ಹೆಂಗಸರು. ಕಳೆ ತೆಗೆದು, ಕಡಲೆಕಾಯಿ ಕಿತ್ತು ಸಂಸಾರ ನಡೆಸುತ್ತಿದ್ದವರಿಗೆ ಬಾಡಿಗೆ ಇಲ್ಲ, ಆ ಹೊಲದ ಕೂಲಿಯೂ ಇಲ್ಲ. ಕುರಿ ಮೇಯಿಸುವ ಜಾಗವೂ ಕಡಿಮೆಯಾಯಿತು. ಪಾರ್ಕಿನಲ್ಲಿ ಹುಲ್ಲು ಕೊಯ್ಯುವ, ಪ್ಯಾನೆಲ್ ತೊಳೆಯುವ ಕೆಲಸ ಕೆಲವರಿಗಷ್ಟೇ. ಪಹಣಿ ಗಂಡನ ಹೆಸರಲ್ಲಿದ್ದರೆ ಬಾಡಿಗೆ ಹಣವೂ ಅವನ ಖಾತೆಗೇ ಹೋಗುತ್ತದೆ.

ಹಾಗಂತ ಸೋಲಾರ್ ಬೇಡ ಎಂದು ನಾವು ಹೇಳುತ್ತಿಲ್ಲ. ಹೊಗೆಯಿಲ್ಲದ ಕರೆಂಟು ಬೇಕೇ ಬೇಕು. ಆದರೆ ಸರ್ಕಾರದ ಹಣ ನಮ್ಮೆಲ್ಲರ ಹಣ. ಅದರ ಲಾಭದಲ್ಲಿ ಕೂಲಿಯವಳಿಗೂ ಪಾಲು ಸಿಗಬೇಕು. ಕರಾರಿಗೆ ಸಹಿ ಬಿದ್ದ ಮೇಲೆ ಕೇಳಿದರೆ ತಡವಾಗುತ್ತದೆ.

ಸಭೆಯಲ್ಲಿ ಚರ್ಚಿಸೋಣ:
1. ನಮ್ಮ ಮನೆಯ ಪಹಣಿ ಯಾರ ಹೆಸರಲ್ಲಿದೆ?
2. ನಮ್ಮೂರಿಗೆ ಇಂಥ ಯೋಜನೆ ಬಂದರೆ ಎಷ್ಟು ಜನರ ಕೂಲಿ ಹೋಗುತ್ತದೆ?
3. ಗ್ರಾಮಸಭೆಯಲ್ಲಿ ನಾವು ಕೇಳಬೇಕಾದ ಮೂರು ಪ್ರಶ್ನೆಗಳು ಯಾವುವು? ನಡಾವಳಿ ಪುಸ್ತಕದಲ್ಲಿ ಬರೆದಿಡಿ.